ದುಬಾರಿ ದಡದ ಬಿಸ್ಕೋಚೊ

ಡೆಲ್ಮೀರಾ ಒಹೇಡಾಳ ಲಂಗಕ್ಕೆ ಒಳಗಡೆ ಒಂಬತ್ತು ಜೇಬುಗಳಿದ್ದವು. ಒಂಬತ್ತನ್ನೂ ಅವಳೇ ಹಿಟ್ಟಿನ ಚೀಲದ ದಪ್ಪ ಬಟ್ಟೆಯಲ್ಲಿ ಹೊಲಿದುಕೊಂಡಿದ್ದಳು. ಕೊಂಕೋರ್ಡಿಯಾದ ದೋಣಿಕಟ್ಟೆಯಲ್ಲಿ ಬೆಳಗಿನ ಲಾಂಚು ಹತ್ತುವಾಗ ತುಂಬು ಬಸುರಿಯ ಹಾಗೆ ಕಾಲು ಅಗಲಿಸಿ ನಡೆಯುತ್ತಿದ್ದಳು. ನದಿ ದಾಟಿ ಸಾಲ್ತೊದಲ್ಲಿ ಇಳಿದು ಎರಡು ತಾಸು ಕಳೆದರೆ ಸಾಕು, ಹದಿನೆಂಟರ ಹುಡುಗಿಯ ಹಾಗೆ ಹಗುರಾಗಿ ವಾಪಸು ಬರುತ್ತಿದ್ದಳು. ಐವತ್ತಾರು ವರ್ಷದ ಹೆಂಗಸು ವಾರಕ್ಕೆ ಮೂರು ಸಲ ಹೀಗೆ ಹೆತ್ತು ಬರುವುದನ್ನು ಎರಡೂ ದಡದ ಪೊಲೀಸರು ನೋಡುತ್ತಿದ್ದರು. ನೋಡಿಯೂ ನೋಡದ ಹಾಗೆ ಇರುವುದಕ್ಕೆ ಅವರಿಗೆ ಕಾಫಿಪುಡಿ, ಸೋಪು ಸಲ್ಲುತ್ತಿತ್ತು.

ಈ ದಡ ಅರ್ಜೆಂಟೀನಾ, ಆ ದಡ ಉರುಗ್ವೇ. ಎರಡೂ ಕಡೆ ಮಿಲಿಟರಿಯವರದೇ ದರಬಾರು. ಎರಡೂ ಕಡೆಯ ಜನರಲ್‌ಗಳು ರೇಡಿಯೋದಲ್ಲಿ ಒಂದೇ ಪಾಠ ಒಪ್ಪಿಸುತ್ತಿದ್ದರು: ಬೆಲೆಗಳು ಸ್ವತಂತ್ರ, ವ್ಯಾಪಾರ ಸ್ವತಂತ್ರ. ಮನುಷ್ಯರ ವಿಷಯ ಅವರು ಎತ್ತುತ್ತಿರಲಿಲ್ಲ, ನಾವೂ ಕೇಳುವ ಗೋಜಿಗೆ ಹೋಗುತ್ತಿರಲಿಲ್ಲ. ಜನರಲ್‌ಗಳ ಆರ್ಥಿಕ ನೀತಿ ಎಂಥದೆಂದು ಪೇಪರಿನವರು ಪುಟಗಟ್ಟಲೆ ಬರೆಯುತ್ತಿದ್ದರು. ಅದನ್ನು ತಿಳಿಯಲು ಡೆಲ್ಮೀರಾಗೆ ಪೇಪರು ಬೇಕಿರಲಿಲ್ಲ, ಲಂಗ ಸಾಕಿತ್ತು. ಆ ಕಡೆ ಹೋಗುವಾಗ ಭಾರವೋ ವಾಪಸು ಬರುವಾಗ ಭಾರವೋ ಅನ್ನುವುದರ ಮೇಲೆ ಯಾವ ಕಡೆಯ ಜನರಲ್ ಏನು ಮಾಡಿಕೊಂಡಿದ್ದಾನೆ ಅನ್ನುವುದನ್ನು ಅವಳು ಹೇಳಬಲ್ಲವಳಾಗಿದ್ದಳು.

ಎಂಬತ್ತನೇ ಇಸವಿಯಲ್ಲಿ ನಮ್ಮ ನಾಣ್ಯ ಪೆಸೊ ಸೊಕ್ಕಿದ ಹೋರಿಯಾಗಿತ್ತು. ಆಗ ಸಾಲ್ತೊದಿಂದ ಉಣ್ಣೆ ಸ್ವೆಟರು, ಬ್ರೆಜಿಲ್ ಕಾಫಿ ಹೊತ್ತು ತಂದರೆ ಇಲ್ಲಿ ಮುಗಿಬಿದ್ದು ಕೊಳ್ಳುತ್ತಿದ್ದರು. ಎಂಬತ್ತೊಂದರಲ್ಲಿ ನಮ್ಮ ಪೆಸೊ ಮಂಡಿಯೂರಿತು. ಆ ಕಡೆಯವರು ಮಾತ್ರ ತಮ್ಮ ಪೆಸೊದ ಬೆಲೆಯನ್ನು ಹಲ್ಲು ಕಚ್ಚಿ ಹಿಡಿದುಕೊಂಡಿದ್ದರು. ಈ ಕಡೆ ಒಂದು ಕಿಲೋ ಹಿಟ್ಟು ಬರುವ ದುಡ್ಡಿಗೆ ಆ ಕಡೆ ಕಾಲು ಕಿಲೋ ಬರುತ್ತಿರಲಿಲ್ಲ. ಹೀಗಾಗಿ ಲಂಗದ ದಿಕ್ಕು ಬದಲಾಯಿತು.

"ಹೋದ್ ವರ್ಷ ಆ ಕಡೆಯಿಂದ ಹೊತ್ಕೊಂಡ್ ಬಂದೆ, ಈ ವರ್ಷ ಈ ಕಡೆಯಿಂದ ಹೊತ್ಕೊಂಡ್ ಹೋಗ್ತಿದ್ದೀನಿ" ಅನ್ನುತ್ತಿದ್ದಳು ಡೆಲ್ಮೀರಾ. "ಹೆಂಗ್ಸು ಅದೇ, ಲಂಗಾನೂ ಅದೇ. ಜನರಲ್ಲು ಅಲ್ಲೆಲ್ಲೋ ಕೂತು ಪೆನ್ನು ಗೀಚಿದ್ರೆ ಇಲ್ಲಿ ನನ್ ಸೊಂಟ ತಿರುಗ್ತದೆ ನೋಡಿ."

ಅವಳ ಗಂಡ ಎವಾರಿಸ್ತೊ ಮಾಂಸದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಚಾಕು ಹಿಡಿದವನು. ಪೆಸೊ ಸೊಕ್ಕಿದ ವರ್ಷ ನಮ್ಮ ಮಾಂಸ ಹೊರದೇಶದವರಿಗೆ ತುಟ್ಟಿಯಾಗಿ ಕಾರ್ಖಾನೆಗೆ ಬೀಗ ಬಿತ್ತು. ಪೆಸೊ ಮಂಡಿಯೂರಿದ ಮೇಲಾದರೂ ಬೀಗ ತೆಗೆಯಬಾರದೇ, ತೆಗೆಯಲಿಲ್ಲ. ಎವಾರಿಸ್ತೊ ದಿನಾ ಬೆಳಿಗ್ಗೆ ಅಂಗಳದಲ್ಲಿ ಕೂತು ತನ್ನ ನಾಲ್ಕು ಚಾಕುಗಳನ್ನು ಮಸೆಯುತ್ತಿದ್ದ. ಮಸೆದು ಮಸೆದು ಅವು ಮೀನಿನ ಮುಳ್ಳಿನಷ್ಟು ಸಣ್ಣಗಾಗಿದ್ದವು. ಮನೆ ನಡೆಯುತ್ತಿದ್ದುದು ಡೆಲ್ಮೀರಾಳ ಲಂಗದಿಂದ. ಲಂಗ ನಡೆಯುತ್ತಿದ್ದುದು ನದಿ ದಾಟುವ ಪಾಸಿನಿಂದ. ಆರು ತಿಂಗಳಿಗೊಮ್ಮೆ ಆ ಪಾಸಿಗೆ ನದಿ ಪೊಲೀಸರ ಚೌಕಿಯಲ್ಲಿ ಸೀಲು ಬೀಳಬೇಕಿತ್ತು.

ಆ ಕಾಲದಲ್ಲಿ ನಮ್ಮೂರಲ್ಲಿ ಅನುಮಾನ ಅನ್ನುವುದು ಉಪ್ಪಿನ ಹಾಗೆ, ಎಲ್ಲ ಅಡುಗೆಗೂ ಬೀಳುತ್ತಿತ್ತು. ಹೊಸ ಅಂಚೆಯವನು ಬಂದರೆ ಅನುಮಾನ, ಹಳೇ ಅಂಚೆಯವನು ಬರದಿದ್ದರೆ ಇನ್ನೂ ಅನುಮಾನ. ಪಕ್ಕದ ಮನೆಯವನು ರಾತ್ರೋರಾತ್ರಿ ಕಾಣೆಯಾದರೆ "ಏನೋ ಮಾಡಿರ್ಬೇಕು, ಸುಮ್ನೆ ಹಿಡಿತಾರಾ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದೆವು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಇದ್ದದ್ದೇ ಹಾಗೆ.

ಇಂಥ ಊರಿಗೆ ಎಂಬತ್ತೊಂದರ ಏಪ್ರಿಲ್‌ನಲ್ಲಿ ಒಬ್ಬ ಮನುಷ್ಯ ಬಂದ. ಡೆಲ್ಮೀರಾಳ ಜೊತೆ ಲಾಂಚಿನಲ್ಲಿ ಮಾಲು ಸಾಗಿಸುತ್ತಿದ್ದ ಟೋಟಾ ಎಂಬ ವಿಧವೆಯ ಹಿತ್ತಿಲ ಕೋಣೆಯನ್ನು ಬಾಡಿಗೆಗೆ ಹಿಡಿದ. ಹೆಸರು ಬಾಲ್ದಿ ಅಂದ, ಊರು ರೊಸಾರಿಯೊ ಅಂದ, ಕಸುಬು ಪಾಠ ಹೇಳುವುದು ಅಂದ. ನಲವತ್ತರ ಆಸುಪಾಸು, ತೆಳ್ಳಗೆ, ಮೊಣಕೈಗೆ ತೇಪೆ ಹಾಕಿದ ಕೋಟು. ಎರಡು ಮಕ್ಕಳಿಗೆ ಲೆಕ್ಕದ ಪಾಠ ಹೇಳುತ್ತಿದ್ದ. ಉಳಿದ ಹೊತ್ತು ದಪ್ಪ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ, ಇಲ್ಲವೇ ನದೀ ದಂಡೆಯಲ್ಲಿ ಕೂತು ಆಚೆ ದಡ ನೋಡುತ್ತಿದ್ದ.

ಒಂದು ದಿನ ಟೋಟಾ ಅವನನ್ನು ಡೆಲ್ಮೀರಾಳ ಮನೆಗೇ ಕರೆತಂದಳು.

"ನಮ್ ಮೇಷ್ಟ್ರಿಗೆ ನಿನ್ ಹತ್ರ ಏನೋ ಕೇಳ್ಬೇಕಂತೆ ಕಣೇ. ನನಗಿಂತ ನಿನಗೇ ರೇಟು ಚೆನ್ನಾಗಿ ಬಾಯಿಗೆ ಬರ್ತದೆ ಅಂದೆ."

ಬಾಲ್ದಿ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. "ಡೊನ್ಯಾ ಡೆಲ್ಮೀರಾ, ನಾನೊಂದು ಪುಸ್ತಕ ಬರೀತಾ ಇದ್ದೀನಿ. ಎರಡು ಕಡೆ ಮಿಲಿಟರಿ ಸರ್ಕಾರಗಳ ಆರ್ಥಿಕ ನೀತಿ ಹೋಲಿಸೋ ಪುಸ್ತಕ. ಸರ್ಕಾರ ಕೊಡೋ ಅಂಕಿ ನಂಬೋ ಹಾಗಿಲ್ಲ. ಹನ್ನೆರಡು ಸಾಮಾನು ಬರ್ಕೊಟ್ಟಿರ್ತೀನಿ, ವಾರಕ್ಕೊಂದ್ಸಲ ಎರಡೂ ದಡದ ಬೆಲೆ ಹೇಳಿದ್ರೆ ಸಾಕು. ಸುಮ್ನೆ ಅಲ್ಲ, ಕೊಡೋದು ಕೊಡ್ತೀನಿ."

"ಪುಸ್ತಕ ಯಾರು ಓದ್ತಾರೆ?"

"ಸದ್ಯಕ್ಕೆ ಯಾರೂ ಇಲ್ಲ."

"ಯಾರೂ ಓದದ ಪುಸ್ತಕಕ್ಕೆ ದುಡ್ಡು ಖರ್ಚು ಮಾಡ್ತೀರಾ?"

ಅವನು ನಕ್ಕ. ಮೂಲೆಯಲ್ಲಿ ಚಾಕು ಮಸೆಯುತ್ತಿದ್ದ ಎವಾರಿಸ್ತೊ ನಗಲಿಲ್ಲ. ಅವರು ಹೋದ ಮೇಲೆ ಹೇಳಿದ: "ಬೆಲೆ ಕೇಳೋನು ಒಂದೋ ಗಿರಾಕಿ, ಇಲ್ಲಾ ಇನ್ಸ್‌ಪೆಕ್ಟ್ರು. ಇವನ ಕೈಯಲ್ಲಿ ಚೀಲ ಇರ್ಲಿಲ್ಲ."

ಡೆಲ್ಮೀರಾಗೂ ಹಾಗೇ ಅನ್ನಿಸಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಆದರೆ ಇನ್ಸ್‌ಪೆಕ್ಟರೇ ಆಗಿದ್ದರೆ, 'ಆಗುವುದಿಲ್ಲ' ಅಂದವರನ್ನೇ ಮೊದಲು ಗುರುತು ಹಾಕಿಕೊಳ್ಳುತ್ತಾನೆ. ಹಾಗೆಂದುಕೊಂಡು ಒಪ್ಪಿದಳು. ಪ್ರತಿ ಗುರುವಾರ ಲಾಂಚಿನಿಂದ ಇಳಿದವಳೇ ಟೋಟಾಳ ಹಿತ್ತಿಲಿಗೆ ಹೋಗಿ ಹಿಟ್ಟು, ಸಕ್ಕರೆ, ಎಣ್ಣೆ, ಸೋಪು, ಬಟ್ಟೆ ಎಂದು ಗಿಣಿಯ ಹಾಗೆ ಒಪ್ಪಿಸುವಳು. ಅವನು ನೋಟ್‌ಬುಕ್ಕಿನ ಎಡಕ್ಕೊಂದು ಬಲಕ್ಕೊಂದು ಬರೆದುಕೊಳ್ಳುವನು.

ಸುಳ್ಳು ಯಾಕೆ ಹೇಳಬೇಕು, ಅವನ ಮಾತು ಅವಳಿಗೆ ಹಿಡಿಸುತ್ತಿತ್ತು. ಒಂದು ಗುರುವಾರ ಅವನು ಹೇಳಿದ:

"ಇಬ್ರೂ ಒಂದೇ ಗುರುವಿನ ಶಿಷ್ಯರು ಡೊನ್ಯಾ. ಇಬ್ರೂ ನಾಳೆ ಡಾಲರ್ ರೇಟು ಎಷ್ಟು ಅಂತ ಮುಂಚೇನೇ ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ರು. ನಿಮ್ಮೋರು ಪಟ್ಟಿ ಹರಿದು ಹಾಕಿದ್ರು. ಆ ಕಡೆಯೋರು ಇನ್ನೂ ಅಂಟಿಸ್ಕೊಂಡ್ ಕೂತಿದಾರೆ. ಗೋಡೆ ಬೀಳೋತನಕ ಬಿಡಲ್ಲ."

"ಹಂಗಾದ್ರೆ ಯಾರು ಜಾಣರು?"

"ಯಾರೂ ಅಲ್ಲ. ಅವರ ದಡ್ಡತನ ಬೇರೆ ಬೇರೆ ದಿನ ಹೊರಗೆ ಬರುತ್ತೆ. ಆ ಮಧ್ಯದ ದಿನಗಳಲ್ಲಿ ನಿಮ್ಮ ಲಂಗ ತುಂಬುತ್ತೆ."

ಇದನ್ನು ಕೇಳಿ ಡೆಲ್ಮೀರಾ ಹೊಟ್ಟೆ ಹಿಡಿದು ನಕ್ಕಳು. ಮನೆಗೆ ಬರುವ ದಾರಿಯಲ್ಲಿ ನಗು ನಿಂತುಹೋಯಿತು. "ನಿಮ್ಮೋರು" ಅಂದನಲ್ಲ, ರೊಸಾರಿಯೊದವನಿಗೆ ಇವರು ತನ್ನವರಲ್ಲವೇ? ಇನ್ನೊಂದು ಸಲ ಅವನು, ಯಾವ ದಿನ ತಪಾಸಣೆ ಬಿಗಿ, ಯಾವ ಪೊಲೀಸನಿಗೆ ಎಷ್ಟು ಕೊಡುತ್ತೀರಿ ಎಂದೂ ಕೇಳಿದ್ದ. ಅದೂ ಬೆಲೆಯಲ್ಲೇ ಸೇರುತ್ತೆ ಅಂತ ಅವನ ಸಮಾಧಾನ. ಲಂಚದ ಲೆಕ್ಕ ಬರೆದಿಡುವ ಪುಸ್ತಕ ಯಾವ ಅಂಗಡಿಯಲ್ಲಿ ಮಾರಾಟಕ್ಕೆ ಬರುತ್ತದೆ ಎಂದು ಅವಳು ತಲೆ ಕೆರೆದುಕೊಂಡಳು.

ಅನುಮಾನ ಬಲಿತದ್ದು ಬಿಸ್ಕೋಚೊದಿಂದ. ಬಿಸ್ಕೋಚೊ ಅಂದರೆ ದನದ ಕೊಬ್ಬು ಹಾಕಿ ಮಡಿಚಿ ಮಡಿಚಿ ಸುಟ್ಟ ಪದರ ತಿಂಡಿ. ಬೆಳಗಿನ ಹೊತ್ತು ಎರಡೂ ದಡದಲ್ಲಿ ಬೀದಿಗೊಂದು ಬೇಕರಿ ಅದನ್ನು ಮಾರುತ್ತದೆ. ಮೇ ತಿಂಗಳಲ್ಲಿ ಬಾಲ್ದಿ ಹನ್ನೆರಡು ಸಾಮಾನಿನ ಪಟ್ಟಿಗೆ ಹದಿಮೂರನೆಯದನ್ನು ಸೇರಿಸಿದ: ಸಾಲ್ತೊದ ಬಂದರಿನ ಮೇಲಿನ ಬೀದಿಯಲ್ಲಿ, ನೀಲಿ ಬಾಗಿಲಿನ ಬೇಕರಿಯ ಬಿಸ್ಕೋಚೊ. ಬೆಲೆ ಕೇಳುವುದು ಮಾತ್ರವಲ್ಲ, ವಾರವಾರ ಅರ್ಧ ಕಿಲೋ ತಂದೂ ಕೊಡಬೇಕು. ಅಂಚು ಸ್ವಲ್ಪ ಕರಕಲಾದದ್ದನ್ನೇ ಕೇಳಿ ತರಬೇಕು.

"ಇಲ್ಲೇ ಮೂಲೆ ಅಂಗಡೀಲಿ ಸಿಗ್ತದಲ್ಲ ಮೇಷ್ಟ್ರೇ. ಅಲ್ಲಿನ ಅರ್ಧ ಕಿಲೋ ದುಡ್ಡಲ್ಲಿ ಇಲ್ಲಿ ಎರಡು ಕಿಲೋ ಬರ್ತದೆ."

"ಗೊತ್ತು. ಅಲ್ಲಿಂದೇ ಇರ್ಲಿ."

ಡೆಲ್ಮೀರಾಗೆ ಜೀವನದಲ್ಲಿ ದೇವರ ವಾಕ್ಯದಷ್ಟು ಗಟ್ಟಿಯಾಗಿ ಗೊತ್ತಿದ್ದದ್ದು ಒಂದೇ: ಅಗ್ಗದ ದಡದಲ್ಲಿ ಕೊಳ್ಳಬೇಕು, ತುಟ್ಟಿಯ ದಡದಲ್ಲಿ ಮಾರಬೇಕು. ಜನರಲ್‌ಗಳು ಬೇಕಾದ್ದು ಮಾಡಲಿ, ಈ ಮಾತು ಬದಲಾಗುವುದಿಲ್ಲ. ದುಬಾರಿ ದಡದಿಂದ ತರಿಸಿ, ಅದೂ ಕರಕಲಾದದ್ದನ್ನೇ ಕೇಳಿ ತಿನ್ನುವವನು ಸಾಚಾ ಮನುಷ್ಯನಲ್ಲ ಎಂದು ಅವಳು ಅವತ್ತೇ ತೀರ್ಮಾನಿಸಿದಳು.

ನೀಲಿ ಬಾಗಿಲಿನ ಬೇಕರಿ ಹೆರ್ಮೀನಿಯಾ ಎಂಬ ಮುದುಕಿಯದು. ಎಪ್ಪತ್ತು ದಾಟಿದ್ದಳು, ತೋಳಿನವರೆಗೂ ಹಿಟ್ಟು. "ಅಂಚು ಕರಕಲಾಗಿರೋದೇ ಕೊಡಿ, ಒಬ್ಬರು ಕೇಳಿದಾರೆ" ಎಂದು ಡೆಲ್ಮೀರಾ ಮೊದಲ ಸಲ ಹೇಳಿದಾಗ ಮುದುಕಿ ಕೈಯಲ್ಲಿದ್ದ ತೂಕದ ಕಲ್ಲು ಕೆಳಗೆ ಬಿಟ್ಟಳು. ಯಾರು ಕೇಳಿದ್ದು, ಯಾಕೆ ಕೇಳಿದ್ದು, ಒಂದನ್ನೂ ವಿಚಾರಿಸಲಿಲ್ಲ. ಒಳಗೆ ಹೋಗಿ ಒಂದು ತಟ್ಟೆ ತಂದಳು. ಮುಂದಿನ ಗುರುವಾರದಿಂದ ಕರಕಲು ತುಂಡುಗಳು ಕಾಗದ ಸುತ್ತಿ ಸಿದ್ಧವಾಗಿರುತ್ತಿದ್ದವು.

ಡೆಲ್ಮೀರಾ ಪೊಟ್ಟಣವನ್ನು ಕೈಯಲ್ಲಿ ತೂಗಿ ನೋಡಿದಳು. ಮೂವತ್ತು ವರ್ಷದಿಂದ ಹಿಟ್ಟು ಸಕ್ಕರೆ ಹೊತ್ತ ಕೈ ಅದು, ತಕ್ಕಡಿಯೇ ತಪ್ಪು ಹೇಳಬಹುದು, ಕೈ ಹೇಳುವುದಿಲ್ಲ. ಮನೆಯಲ್ಲಿ ತೂಗಿದರೆ ಏಳುನೂರು ಗ್ರಾಂ. ಇನ್ನೊಂದು ವಾರ ಏಳುನೂರೈವತ್ತು. ಅರ್ಧ ಕಿಲೋ ದುಡ್ಡಿಗೆ ಮುಕ್ಕಾಲು ಕಿಲೋ ಕೊಡುವ ವ್ಯಾಪಾರಿಯನ್ನು ಅವಳು ಎರಡೂ ದಡದಲ್ಲಿ ಕಂಡಿರಲಿಲ್ಲ.

"ಒಳಗೆ ಏನೋ ಇದೆ" ಅಂದ ಎವಾರಿಸ್ತೊ.

ಗಂಡ ಹೆಂಡತಿ ಇಬ್ಬರೂ ಅಡುಗೆಮನೆ ಬಾಗಿಲು ಹಾಕಿಕೊಂಡು, ಮೀನಿನ ಮುಳ್ಳಿನಂಥ ಚಾಕುವಿನಿಂದ ಒಂದೊಂದೇ ಬಿಸ್ಕೋಚೊದ ಪದರ ಬಿಡಿಸಿ ನೋಡಿದರು. ಚೀಟಿ ಇರಲಿಲ್ಲ, ದುಡ್ಡಿರಲಿಲ್ಲ, ಬರೀ ಕೊಬ್ಬು, ಹಿಟ್ಟು. ಸುತ್ತಿದ ಕಾಗದವನ್ನು ದೀಪಕ್ಕೆ ಹಿಡಿದರು, ಅಲ್ಲೂ ಇಲ್ಲ. ಏನೂ ಸಿಗದೆ ಹೋದದ್ದಕ್ಕೆ ಅನುಮಾನ ಕಡಿಮೆಯಾಗಬೇಕಿತ್ತು. ಬದಲಿಗೆ ಇನ್ನಷ್ಟು ಊದಿಕೊಂಡಿತು. ಇಷ್ಟು ಚೆನ್ನಾಗಿ ಬಚ್ಚಿಟ್ಟಿದ್ದಾರೆ ಎಂದರೆ ದೊಡ್ಡದೇ ಇರಬೇಕು ಅಂದುಕೊಂಡರು. ಬಿಡಿಸಿದ ತುಂಡುಗಳನ್ನು ಹಾಗೇ ಜೋಡಿಸಿ ಬಾಲ್ದಿಗೆ ಕೊಟ್ಟರೆ, ಅವನು ಪುಡಿಯನ್ನೂ ಬೆರಳಿನಿಂದ ಒತ್ತಿ ಒತ್ತಿ ತಿಂದ.

ಆಗಸ್ಟ್‌ನ ಒಂದು ಚಳಿಯ ಬೆಳಿಗ್ಗೆ ಡೆಲ್ಮೀರಾ ಹೇಳದೆ ಕೇಳದೆ ಟೋಟಾಳ ಹಿತ್ತಿಲಿಗೆ ಹೋದಳು. ಕಿತ್ತಳೆ ಮರದ ಕೆಳಗೆ ಬಾಲ್ದಿ ಹಿಂದೆ ಮುಂದೆ ಓಡಾಡುತ್ತಿದ್ದ. ಎಡ ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು ಒತ್ತಿ ಹಿಡಿದಿದ್ದ. ಅದೇ ಕೈಯಲ್ಲಿ ಮಾಟೆ ಸೊಪ್ಪು ತುಂಬಿದ ಸೋರೆ ಬುರುಡೆ. ನಡೆಯುತ್ತಲೇ ಕೊಳವೆಯಿಂದ ಹೀರುತ್ತಿದ್ದ, ನಡೆಯುತ್ತಲೇ ನೀರು ಬಗ್ಗಿಸಿಕೊಳ್ಳುತ್ತಿದ್ದ.

ಮಾಟೆ ನಾವೂ ಕುಡಿಯುತ್ತೇವೆ, ಅದಿಲ್ಲದೆ ನಮಗೆ ಬೆಳಗಾಗುವುದಿಲ್ಲ. ಆದರೆ ನಮ್ಮ ಕಡೆ ಒಲೆ ಮೇಲೆ ಕೆಟಲ್ ಇಟ್ಟು, ಸುತ್ತ ಕೂತು, ಬುರುಡೆಯನ್ನು ಕೈಯಿಂದ ಕೈಗೆ ದಾಟಿಸುತ್ತೇವೆ. ಫ್ಲಾಸ್ಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬೀದಿ ಬೀದಿ ಅಲೆಯುತ್ತ ಒಬ್ಬನೇ ಹೀರುವವನು ಆ ದಡದವನು. ಅವರಿಗದು ಹುಟ್ಟಿನಿಂದ ಬಂದ ಮೂರನೇ ಕೈ. ದೊಡ್ಡವನಾದ ಮೇಲೆ ಕಲಿಯುತ್ತೇನೆಂದರೆ ಬರುವುದಿಲ್ಲ, ಫ್ಲಾಸ್ಕು ಜಾರಿ ಬೀಳುತ್ತದೆ.

ಅವಳನ್ನು ಕಂಡದ್ದೇ ಬಾಲ್ದಿ ಫ್ಲಾಸ್ಕನ್ನು ನೆಲದ ಮೇಲಿಟ್ಟ.

"ಮಾಟೆ ಕುಡಿದ್ರೆ ಹೊಟ್ಟೆ ಉರಿ ಅಂತಿದ್ರಲ್ಲ ಮೇಷ್ಟ್ರೇ?"

"ಇವತ್ತು ಚಳಿ ಜಾಸ್ತಿ ಡೊನ್ಯಾ."

"ಹೌದು, ಜಾಸ್ತಿ" ಅಂದಳು ಅವಳೂ. ಆದರೆ ಲೆಕ್ಕ ಕೂಡಿಬಂದಿತ್ತು. ರೊಸಾರಿಯೊದವನಲ್ಲ, ಆ ಕಡೆಯವನು. ಸುಳ್ಳು ಹೇಳಿ ಇಲ್ಲಿ ಕೂತಿದ್ದಾನೆ. ತಪಾಸಣೆಯ ದಿನ ಕೇಳುತ್ತಾನೆ, ಲಂಚದ ರೇಟು ಬರೆದುಕೊಳ್ಳುತ್ತಾನೆ, ಆಚೆಯ ಒಂದು ಅಂಗಡಿಯ ಜೊತೆ ಏನೋ ವ್ಯವಹಾರ ಇಟ್ಟುಕೊಂಡಿದ್ದಾನೆ. ಇನ್ನೇನು ಉಳಿಯಿತು? ಆ ದಡದ ಪೊಲೀಸರು ನಮ್ಮಂಥವರನ್ನು ಹಿಡಿಯಲು ಕಳಿಸಿದ ಗೂಢಚಾರ. ಆ ಮನುಷ್ಯ ಹೆದರಿಕೊಂಡು ಬಚ್ಚಿಟ್ಟುಕೊಂಡಿರಬಹುದು ಅನ್ನುವುದು ಅವಳಿಗೆ ಹೊಳೆಯಲೇ ಇಲ್ಲ. ದಿನಾ ಹೆದರಿ ಬದುಕುವವರಿಗೆ ಎದುರಿಗಿರುವವನ ಹೆದರಿಕೆ ಯಾವತ್ತೂ ಕಾಣುವುದಿಲ್ಲ.

ಸೆಪ್ಟೆಂಬರ್ ಮೊದಲ ವಾರ ಪಾಸಿನ ಅವಧಿ ಮುಗಿಯಿತು. ಚೌಕಿಯಲ್ಲಿ ಕಾರ್ಪೊರಲ್ ಲೆಸ್ಕಾನೊ ಸೀಲನ್ನು ಮುಂದಿಟ್ಟುಕೊಂಡು ತಲೆ ಬಾಚಿಕೊಳ್ಳುತ್ತಿದ್ದ. ಅವನ ಪಾಲಿನ ಕಾಫಿಪುಡಿ ಮೇಜಿನ ಖಾನೆ ಸೇರಿ ಆಗಿತ್ತು. ಆದರೂ ಸೀಲು ಏಳಲಿಲ್ಲ.

"ಟೋಟಾ ಮನೇಲಿ ಯಾರೋ ಬಾಡಿಗೆಗೆ ಇದಾನಂತೆ ಡೊನ್ಯಾ."

"ಮಕ್ಕಳಿಗೆ ಪಾಠ ಹೇಳ್ಕೊಂಡಿದಾರೆ."

"ನೀವು ಗುರುವಾರ ಗುರುವಾರ ಪಾಠ ಕೇಳೋಕೆ ಹೋಗ್ತೀರಂತೆ. ಈ ವಯಸ್ಸಲ್ಲಿ."

"ಸಾಮಾನು ರೇಟು ಕೇಳ್ತಾರೆ, ಹೇಳ್ತೀನಿ. ಅಷ್ಟೇ."

ಲೆಸ್ಕಾನೊ ಬಾಚಣಿಗೆಯ ಹಲ್ಲುಗಳನ್ನು ಊದಿ ಜೇಬಿಗಿಟ್ಟ. "ಮೇಲಿಂದ ಕೇಳ್ತಿದಾರೆ. ಗೊತ್ತಿಲ್ಲ ಅಂತ ನಾನು ಬರೆದ್ರೆ, ಗೊತ್ತಿಲ್ದೋರಿಗೆ ಪಾಸ್ ಯಾಕೆ ಕೊಟ್ಟೆ ಅಂತ ನನ್ನ ಕೇಳ್ತಾರೆ. ನೀವೇ ಹೇಳಿ, ಏನ್ ಬರೀಲಿ?"

ಡೆಲ್ಮೀರಾಳ ಕಣ್ಣು ಸೀಲಿನ ಮೇಲಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯೋಚಿಸಿದಳು. ಅವನೂ ಪೊಲೀಸು, ಇವನೂ ಪೊಲೀಸು. ಗೊತ್ತಾದರೆ ಇಬ್ಬರೂ ಕೂತು ಒಂದು ಗ್ಲಾಸು ವೈನ್ ಕುಡಿದು ಏಳುತ್ತಾರೆ, ನನ್ನ ಗಂಟೇನು ಹೋಗುತ್ತೆ ಅಂದುಕೊಂಡಳು.

"ನಂಗೇನೂ ಗೊತ್ತಿಲ್ಲಪ್ಪ. ಫ್ಲಾಸ್ಕು ಕಂಕುಳಲ್ಲಿ ಇಟ್ಕೊಂಡು ಓಡಾಡ್ತಾರೆ. ಅದೊಂದು ನೋಡಿದೀನಿ."

ಲೆಸ್ಕಾನೊ ಸೀಲನ್ನು ಕೈಗೆತ್ತಿಕೊಂಡ. ಆಮೇಲೆ ಹಲ್ಲು ಕಿರಿದ. "ಕಂಕುಳಲ್ಲಿ" ಎಂದು ತನಗೆ ತಾನೇ ಹೇಳಿಕೊಂಡು ಸೀಲು ಒತ್ತಿದ. ಆರು ತಿಂಗಳು. ಡೆಲ್ಮೀರಾ ಪಾಸನ್ನು ರವಿಕೆಯೊಳಗೆ ಸೇರಿಸಿ ಹೊರಗೆ ಬಂದಳು. ದಾರಿಯಲ್ಲಿ ಎವಾರಿಸ್ತೊಗೆಂದು ತಂಬಾಕು ಕೊಂಡಳು.

ಆಮೇಲಿನ ಗುರುವಾರ ಡೆಲ್ಮೀರಾ, ಟೋಟಾ ಇಬ್ಬರೂ ಏಳು ಗಂಟೆಯ ಲಾಂಚಿನಲ್ಲಿದ್ದರು. ನಡುನೀರಿಗೆ ಬಂದಾಗ ಲಾಂಚಿನವನು ಇಂಜಿನ್ ನಿಲ್ಲಿಸಿದ. ನಮ್ಮ ದಡದಿಂದ ಒಂದು ಬೂದು ಬಣ್ಣದ ಬೋಟು ಬಂದು ಅವರನ್ನು ದಾಟಿ ಸಾಲ್ತೊ ಕಡೆ ಹೋಯಿತು. ಬೋಟಿನ ತಳದಲ್ಲಿ ತಾಡಪಾಲು ಹೊದಿಸಿದ ಏನೋ ಇತ್ತು. ಇಬ್ಬರು ಸಿಗರೇಟು ಸೇದುತ್ತ ಅದರ ಮೇಲೆ ಕಾಲಿಟ್ಟುಕೊಂಡು ಕೂತಿದ್ದರು.

"ನೋಡೇ ಅವರ ಅದೃಷ್ಟಾನ" ಅಂದಳು ಟೋಟಾ. "ಕ್ಯೂ ಇಲ್ಲ, ತಪಾಸಣೆ ಇಲ್ಲ, ಸೀಲಿಲ್ಲ."

"ಸಕ್ಕರೆ ಇರ್ಬೇಕು" ಅಂದಳು ಡೆಲ್ಮೀರಾ. "ಸಕ್ಕರೇಲಿ ಈಗ ಒಳ್ಳೇ ಲಾಭ. ನಮ್ಮನ್ನೂ ಹಂಗೇ ತಾಡಪಾಲು ಹೊದಿಸಿ ದಾಟಿಸ್ತಾರೇನೋ ಕೇಳ್ಬೇಕು."

ಲಾಂಚಿನಲ್ಲಿದ್ದವರೆಲ್ಲ ನಕ್ಕರು. ಆ ನಗು ಅವಳ ಕಿವಿಯಿಂದ ಮತ್ತೆ ಯಾವತ್ತೂ ಹೋಗಲಿಲ್ಲ.

ಮಧ್ಯಾಹ್ನ ವಾಪಸು ಬಂದು ಬಿಸ್ಕೋಚೊದ ಪೊಟ್ಟಣ ಹಿಡಿದು ಹಿತ್ತಿಲಿಗೆ ಹೋದರೆ ಕೋಣೆ ಬಾಗಿಲು ತೆರೆದಿತ್ತು. ನೋಟ್‌ಬುಕ್ಕು ಇರಲಿಲ್ಲ, ಬಟ್ಟೆಬರೆ ಎಲ್ಲ ಇತ್ತು. ಒಂದೇ ಒಂದು ಬೂಟು ಹೊಸ್ತಿಲ ಮೇಲೆ ಮಗುಚಿ ಬಿದ್ದಿತ್ತು. ಕಿತ್ತಳೆ ಮರದ ಕೆಳಗೆ ಫ್ಲಾಸ್ಕು ಉರುಳಿತ್ತು. ಡೆಲ್ಮೀರಾ ಎತ್ತಿ ಬಿರಡೆ ತೆಗೆದಳು, ಹಬೆ ಬಂತು. ನೀರು ಇನ್ನೂ ಬಿಸಿಯಾಗಿತ್ತು.

ಪಕ್ಕದ ಮನೆಯವಳು ಗೋಡೆಯಾಚೆಯಿಂದಲೇ ಮೆಲ್ಲಗೆ ಹೇಳಿದಳು. ನೀವು ದೋಣಿಕಟ್ಟೆಗೆ ಹೊರಟಿದ್ದೇ ತಡ, ಮೂವರು ಬಂದರು. ಇಬ್ಬರು ನಮ್ಮವರು. ಮೂರನೆಯವನನ್ನು ಅವರು ಸಾಲ್ತೊ ಸಾಹೇಬ್ರೇ ಅನ್ನುತ್ತಿದ್ದರು, ಅವನು ಮೇಷ್ಟ್ರನ್ನು ಬೇರೆ ಯಾವುದೋ ಹೆಸರು ಹಿಡಿದು ಕರೆದ.

ಡೆಲ್ಮೀರಾ ಫ್ಲಾಸ್ಕಿನ ಬಿರಡೆ ಮುಚ್ಚಿ ಕಿತ್ತಳೆ ಮರದ ಬುಡಕ್ಕೆ ಒರಗಿಸಿ ಇಟ್ಟಳು. ಆ ದಡದ ಪೊಲೀಸರ ಮನುಷ್ಯನಾಗಿದ್ದರೆ ಆ ದಡದ ಪೊಲೀಸರೇ ಬಂದು ಹೊತ್ತುಕೊಂಡು ಹೋಗುತ್ತಿರಲಿಲ್ಲ. ಅವರಿಂದ ತಪ್ಪಿಸಿಕೊಂಡು ಬಂದವನು ಅವನು. ಹಿಟ್ಟಿನ ಬೆಲೆ ಎರಡು ದಡಕ್ಕೂ ಹೊಂದುತ್ತಿರಲಿಲ್ಲ, ಸಕ್ಕರೆಯದು ಹೊಂದುತ್ತಿರಲಿಲ್ಲ, ಪೆಸೊದ ವಿಷಯದಲ್ಲಿ ಇಬ್ಬರದೂ ಎತ್ತು ಏರಿಗೆ ಕೋಣ ನೀರಿಗೆ. ಈ ಒಂದು ಮಾಲಿನ ವಿಷಯದಲ್ಲಿ ಮಾತ್ರ ಇಬ್ಬರು ಜನರಲ್‌ಗಳ ನಡುವೆ ಚೌಕಾಸಿಯೇ ನಡೆಯಲಿಲ್ಲ. ಒಬ್ಬರು ಹಿಡಿದುಕೊಟ್ಟರು, ಇನ್ನೊಬ್ಬರು ತೆಗೆದುಕೊಂಡರು. ತಾಡಪಾಲು ಹೊದಿಸಿ ಅವಳ ಕಣ್ಣ ಮುಂದೆಯೇ ದಾಟಿಸಿದರು, ಅವಳು ಸಕ್ಕರೆ ಅಂದಳು.

ಮುಂದಿನ ಗುರುವಾರ ನೀಲಿ ಬಾಗಿಲಿನ ಬೇಕರಿಗೆ ಹೋಗಬೇಕಾದ ಕೆಲಸವೇ ಇರಲಿಲ್ಲ. ಕಾಲು ಎಳೆದುಕೊಂಡು ಹೋಯಿತು. ಗಿರಾಕಿಗಳಿಲ್ಲದ ಹೊತ್ತು, ಹೆರ್ಮೀನಿಯಾ ಕೌಂಟರಿನ ಹಿಂದೆ ಫ್ಲಾಸ್ಕು ಕಂಕುಳಲ್ಲಿಟ್ಟು ಹಿಂದೆ ಮುಂದೆ ಓಡಾಡುತ್ತಿದ್ದಳು. ಎಡ ಭುಜ ಒಂದಿಷ್ಟು ಮೇಲೆ, ತಲೆ ಒಂದಿಷ್ಟು ವಾರೆ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಒಂದು ಗುಟುಕು. ಆ ನಡಿಗೆಯನ್ನು ಡೆಲ್ಮೀರಾ ಕಿತ್ತಳೆ ಮರದ ಕೆಳಗೆ ಕಂಡಿದ್ದಳು. ಕರಕಲು ಅಂಚು ಯಾಕೆ, ಜಾಸ್ತಿ ತೂಕ ಯಾಕೆ, ದುಬಾರಿ ದಡ ಯಾಕೆ ಎಲ್ಲ ಒಂದೇ ಉಸಿರಿಗೆ ಅರ್ಥವಾಯಿತು. ಮಗ ಬದುಕಿದ್ದಾನೆ ಎಂದು ತಾಯಿಗೆ ತಿಳಿಯಲು, ತಾಯಿ ಇದ್ದಾಳೆ ಎಂದು ಮಗನಿಗೆ ತಿಳಿಯಲು ವಾರಕ್ಕೊಂದು ಪೊಟ್ಟಣ. ಬೇರೆ ಚೀಟಿ ಯಾತಕ್ಕೆ?

ಮುದುಕಿ ಪೊಟ್ಟಣ ಚಾಚಿದಳು. ನಾಲ್ಕು ತಿಂಗಳಲ್ಲಿ ಮೊದಲ ಸಲ ಒಂದು ಪ್ರಶ್ನೆ ಕೇಳಿದಳು.

"ತಿನ್ನೋರು ಚೆನ್ನಾಗಿದಾರಾ?"

ಇದ್ದದ್ದನ್ನು ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಡೆಲ್ಮೀರಾಳ ಬಾಯಿಂದ "ಚೆನ್ನಾಗಿದಾರೆ" ಎಂದು ಬಂತು. ಒಮ್ಮೆ 'ಚೆನ್ನಾಗಿದಾರೆ' ಅಂದ ಮೇಲೆ ಮುಂದಿನ ಗುರುವಾರ ಹೋಗದಿದ್ದರೆ ಮುದುಕಿಗೆ ತಿಳಿದುಹೋಗುತ್ತದೆ. ಹೀಗಾಗಿ ಮುಂದಿನ ಗುರುವಾರವೂ ಹೋದಳು, ಅದರ ಮುಂದಿನದೂ ಹೋದಳು. ಅಗ್ಗದ ದಡದ ಹೆಂಗಸು ವಾರವಾರ ತನ್ನ ಲಾಭದಲ್ಲಿ ಅರ್ಧ ತೆತ್ತು ದುಬಾರಿ ದಡದ ಬಿಸ್ಕೋಚೊ ಹೊತ್ತು ತಂದಳು. ಎವಾರಿಸ್ತೊ ತಿನ್ನುತ್ತಿದ್ದ. "ಮುದುಕಿಗೆ ಕಣ್ಣು ಕಾಣಲ್ಲ, ಈ ಸಲಾನೂ ತೂಕ ಜಾಸ್ತಿ" ಅನ್ನುತ್ತಿದ್ದ. ಅವಳು ಮುಟ್ಟುತ್ತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವಳ ಅಜ್ಜಿಯಂಥವರು ಎಲ್ಲ ದೇಶದಲ್ಲೂ ಹೇಳಿದ್ದಾರೆ, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಹದಿನಾಲ್ಕು ತಿಂಗಳು ಮೇಲಾಯಿತು. ಈ ನಡುವೆ ನಮ್ಮವರು ದಕ್ಷಿಣದ ದ್ವೀಪಕ್ಕೆಂದು ಯುದ್ಧ ಮಾಡಿ ಸೋತರು, ಜನರಲ್‌ಗಳು ಬದಲಾದರು. ಎಂಬತ್ತೆರಡರ ನವೆಂಬರ್ ಕೊನೆಗೆ ಆ ದಡದ ಗೋಡೆಯೂ ಬಿತ್ತು, ಬಾಲ್ದಿ ಹೇಳಿದ್ದ ಹಾಗೇ. ಹಿಡಿದುಕೊಂಡಿದ್ದ ಪೆಸೊವನ್ನು ಜನರಲ್‌ಗಳು ಬಿಟ್ಟದ್ದೇ ಅದು ಒಂದೇ ದಿನದಲ್ಲಿ ಪಾತಾಳ ಕಂಡಿತು. ಆ ವಾರ ಡೆಲ್ಮೀರಾ ಒಂಬತ್ತು ಜೇಬು ಹಿಟ್ಟು ತುಂಬಿಕೊಂಡು ಸಾಲ್ತೊದಲ್ಲಿ ಇಳಿದರೆ ಕೊಳ್ಳುವವರಿರಲಿಲ್ಲ. ಅರ್ಧ ಅಂಗಡಿ ಮುಚ್ಚಿದ್ದವು, ತೆರೆದಿದ್ದ ಅಂಗಡಿಗಳಲ್ಲಿ ಹಲಗೆಯ ಮೇಲಿನ ಬೆಲೆ ಅಳಿಸಿಬಿಟ್ಟಿದ್ದರು. ಹಾಗೇ ಭಾರ ಹೊತ್ತುಕೊಂಡು ನೀಲಿ ಬಾಗಿಲಿಗೆ ಹೋದಳು.

ಹೆರ್ಮೀನಿಯಾಳ ಹಲಗೆಯೂ ಖಾಲಿಯಿತ್ತು. ಪೊಟ್ಟಣ ಸಿದ್ಧವಾಗಿರಲಿಲ್ಲ. ಮುದುಕಿ ಸ್ಟೂಲಿನ ಮೇಲೆ ಕೂತಿದ್ದಳು, ಕೈಯಲ್ಲಿ ಹಿಟ್ಟಿರಲಿಲ್ಲ.

"ಭಾನುವಾರ ಒಬ್ಬ ಬಂದಿದ್ದ" ಅಂದಳು. "ಜೈಲಿಂದ ಬಿಟ್ಟಿದಾರೆ ಅವನನ್ನ. ನನ್ನ ಮಗ ವಾಲ್ತೆರ್ ಅವನ ಪಕ್ಕದ ಕೋಣೇಲೇ ಇದ್ದನಂತೆ. ಎರಡೇ ವಾರ ಇದ್ದನಂತೆ. ಹೋದ್ ವರ್ಷ ಸೆಪ್ಟೆಂಬರ್‌ನಲ್ಲೇ ಮುಗಿಸ್ಬಿಟ್ರಂತೆ."

ಡೆಲ್ಮೀರಾ ದುಡ್ಡು ಕೊಡಲೆಂದು ತೆಗೆದಿದ್ದ ಪರ್ಸನ್ನು ಮುಚ್ಚಿದಳು.

"ನೀವು ಚೆನ್ನಾಗಿದಾನೆ ಅಂತಿದ್ರಿ. ನಾನು ಅಷ್ಟು ತಿಂಗಳು ಯಾರಿಗೆ ಸುಟ್ಟೆ?"

"ಹೇಳೋಕೆ ಬಾಯಿ ಬರ್ಲಿಲ್ಲ ತಾಯಿ."

"ಹೆಂಗೆ ಸಿಕ್ಕೆ ಅಂತ ವಾಲ್ತೆರ್‌ಗೇ ಗೊತ್ತಾಗ್ಲಿಲ್ಲವಂತೆ. ಕೇಳಿದ್ರೆ ಪೊಲೀಸ್ರು ನಗ್ತಿದ್ರಂತೆ. ಫ್ಲಾಸ್ಕು, ಫ್ಲಾಸ್ಕು ಅಂತ ರೇಗಿಸ್ತಿದ್ರಂತೆ." ಮುದುಕಿ ತನ್ನ ಎಡ ಕಂಕುಳನ್ನು ಮುಟ್ಟಿಕೊಂಡಳು. "ಯಾರೋ ನೋಡಿ ಹೇಳಿರ್ಬೇಕು. ಯಾರು ಅಂತ ಗೊತ್ತಾ ನಿಮಗೆ?"

ಗೊತ್ತಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಕೇಳುವವರು ಯಾರೂ ಇರಲಿಲ್ಲ, ಲೆಸ್ಕಾನೊಗೆ ಅಷ್ಟರಲ್ಲಿ ಬೇರೆ ಊರಿಗೆ ವರ್ಗವಾಗಿತ್ತು. ಆದರೆ ಲಂಗದ ಒಂಬತ್ತು ಜೇಬೂ ಭಾರವಾಗಿದ್ದವು, ಅವಳಿಗೆ ಇನ್ನು ಹೊರಲಾಗಲಿಲ್ಲ.

"ನಾನೇ" ಅಂದಳು ಡೆಲ್ಮೀರಾ. "ಪಾಸಿಗೋಸ್ಕರ. ಅವರು ಗೂಢಚಾರ ಅಂತ ತಿಳ್ಕೊಂಡಿದ್ದೆ."

ಅಷ್ಟರಲ್ಲಿ ಇಬ್ಬರು ಗಿರಾಕಿಗಳು ಬಂದು ಡೆಲ್ಮೀರಾಳ ಹಿಂದೆ ನಿಂತರು. ಮುದುಕಿ ಎದ್ದಳು. ಅಂಚು ಕರಕಲಾದ ತುಂಡುಗಳ ತಟ್ಟೆಯನ್ನು ಒಳಗಿಟ್ಟು ಬಂದಳು. ಎಲ್ಲರಿಗೂ ಮಾರುವ ಬುಟ್ಟಿಯಿಂದ ಬಿಸ್ಕೋಚೊ ತೆಗೆದು ತಕ್ಕಡಿಗೆ ಹಾಕಿದಳು. ಮುಳ್ಳು ಅರ್ಧ ಕಿಲೋ ದಾಟಿತು. ಒಂದನ್ನು ತೆಗೆದಳು, ಮುಳ್ಳು ಕೆಳಗಿಳಿಯಿತು. ತೆಗೆದದ್ದನ್ನು ಮುರಿದು ಅರ್ಧ ತುಂಡು ಹಾಕಿದಳು. ಮುಳ್ಳು ಕೂದಲೆಳೆ ಆಚೀಚೆಯಾಗದೆ ಅರ್ಧ ಕಿಲೋಗೆ ನಿಂತಿತು. ಕಾಗದದಲ್ಲಿ ಕಟ್ಟಿ ಮುಂದೆ ತಳ್ಳಿದಳು.

ಡೆಲ್ಮೀರಾ ಪರ್ಸು ತೆರೆದಳು. "ಎಷ್ಟಾಯ್ತು?"

ಮುದುಕಿ ಖಾಲಿ ಹಲಗೆ ತೋರಿಸಿದಳು. "ಇವತ್ತು ಇಲ್ಲಿ ಯಾರಿಗೂ ಬೆಲೆ ಗೊತ್ತಿಲ್ಲ. ನೀವು ಎರಡೂ ದಡದ ಬೆಲೆ ಬಲ್ಲೋರು. ಎಷ್ಟು ಅಂತ ನೀವೇ ಹೇಳಿ."

ಡೆಲ್ಮೀರಾ ತೆರೆದ ಪರ್ಸು ಹಿಡಿದುಕೊಂಡು ನಿಂತೇ ಇದ್ದಳು. ಹಿಂದೆ ನಿಂತಿದ್ದವರು, ಬೇಗ ಹೇಳಿ, ನಮಗೂ ಬೇಕು ಅಂದರು.